ಮೋಡಕಾ ಸಾಮಾನು ಲಕ್ಷದ ಬಾಜಾ ಆದ ಕಥಿ

ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ, ಖರೆ. ಅದು ಮುಂದಿನ ಸಲ. ಯಾಕಂದ್ರ ಹೋದ ತಿಂಗಳದಿಂದ ನಮ್ಮ ಮನ್ಯಾಗ ಒಂದ ಮಾತು ನಡದದ, ನಿಮ್ಮಾಗ ಅರ್ಧಾ ಮಂದಿ ಫೋನ್ ಮಾಡಿ ಕೇಳೀರಿ ಸುದ್ದಾ. ಅಮೇರಿಕಾದಾಗ ಇರೋ ನಮ್ಮ ಅಕ್ಕನ ಮಗ ಒಂದು ಹಳೇ ಬಾಜಾ ತಗೊಂಡಾನ. ಅವರಪ್ಪ ಕಾಲೇಜಿಗೆ ಹೋಗೋ ಕಾಲದ್ದು. ಕಟಗಿ ಡಬ್ಬಿ, ನಾಕು ಸಾಲು ಕಿವಿ ಹಿಂಡೂ ಗುಂಡಿ, ಮುಂದ ಪೇಟಿಗೆ ಇದ್ದಂಗ ಕರೀ-ಬಿಳೀ ಮಣಿ. ಅದಕ್ಕ ಕೊಟ್ಟದ್ದು ನಮ್ಮ ರೊಕ್ಕದಾಗ ನಾಕು ಲಕ್ಷದ ಮ್ಯಾಲೆ.

ಅಕ್ಕ ಅತ್ತಳು. "ಹಳೇದಕ್ಕ ಯಾರರೆ ಹೊಸಾದಕ್ಕಿಂತ ಹೆಚ್ಚಿಗೆ ಕೊಡ್ತಾರೇನ? ನಾ ಹಳೇ ಮಿಕ್ಸರ್ ಮಾರಲಿಕ್ಕೆ ಹೋದ್ರ ನೂರು ರೂಪಾಯಿಗೂ ಮುಖಾ ತಿರವ್ತಾರ" ಅಂತ. ಹುಡುಗ ಮಾಡಿದ್ದು ಸರಿನೋ ತಪ್ಪೋ, ಅದು ಅವರ ಮನಿ ಮಾತು. ನಾ ಬಾಯಿ ಹಾಕೂದಿಲ್ಲ. ಆದ್ರ ಅಕ್ಕ ಕೇಳಿದ ಪ್ರಶ್ನಿ ನನ್ನ ತಲ್ಯಾಗ ಹೊಕ್ಕೊಂಡು ಕೂತ್ತು. ಭಜನಿ ಮಂಡಳದಾಗ ವರ್ಷಾನುಗಟ್ಟಲೆ ಪೇಟಿ ಬಾರಿಸಿದಾಕಿ ನಾನು, ಬಾಜಾದ ವಿಷಯ ಅಂದ್ರ ಬಿಡಲಿಕ್ಕೆ ಆಗೂದಿಲ್ಲ. ಓದಿದೆ, ಕೇಳಿದೆ, ಹುಡುಗನ್ನ ರಾತ್ರಿ ಹನ್ನೊಂದರ ತನಕಾ ಫೋನಿನ್ಯಾಗ ಕಾಡಿದೆ. ತಿಳದಷ್ಟು ಬರದೀನಿ.

ಇದರ ಹೆಸರು ಅನಲಾಗ್ ಸಿಂಥಸೈಜರ್. ಇವನು ತಗೊಂಡದ್ದು ಮಿನಿಮೋಗ್ ಅನ್ನೋದು. ಮಾಡಿದವರ ಮನಿತನದ ಹೆಸರು ಮೋಗ್. ಭಾಳ ಮಂದಿ ಮೂಗ್ ಅಂತಾರ, ಆದ್ರ ಅವರ ಮನ್ಯಾಗ ಮೋಗ್ ಅಂತಿದ್ರಂತ. ನಮಗ ಅದು ಛೊಲೋನ ಆತು, ಇಲ್ಲಂದ್ರ ಮೂಗು ಬಾಯಿ ಅಂತ ಮಾತು ಬ್ಯಾರೆ ಕಡೆ ಹೋಗ್ತಿತ್ತು.

ಪೇಟ್ಯಾಗ ಗಾಳಿ ಊದಿದ್ರ ಹಿತ್ತಾಳಿ ನಾಲಿಗಿ ಅದುರತದ, ಸ್ವರ ಬರತದ. ಇದರಾಗ ನಾಲಿಗಿ ಇಲ್ಲ, ತಂತಿ ಇಲ್ಲ, ಗಾಳಿನೂ ಇಲ್ಲ. ಒಳಗ ಕರೆಂಟ್ ಒಂದು ಸೆಕೆಂಡಿನ್ಯಾಗ ಇಂತಿಷ್ಟು ಸಲ ಏರಿ ಇಳೀತದ, ಅದನ್ನ ಸ್ಪೀಕರಿಗೆ ಕೊಟ್ರ ಅದ ಸ್ವರ. ಬರೇ ಅಷ್ಟ ಕೇಳಿದ್ರ ಕಿವಿಗೆ ಒರಟು, ಹಿಟ್ಟಿನ ಗಿರಣಿ ಬಾಗಲದಾಗ ನಿಂತಂಗ. ಅದಕ್ಕ ಅದನ್ನ ಸಾಣಗಿ ಹಿಡೀತಾರ. ಹೌದ್ರಿ, ನಾವು ಹಿಟ್ಟಿಗೆ ಹಿಡದಂಗ. ಫಿಲ್ಟರ್ ಅಂತ ಒಂದು ಭಾಗ ಅದ, ಅದರ ಗುಂಡಿ ತಿರುವಿದ್ರ ಮ್ಯಾಲಿನ ಚೂಪು ದನಿ ಎಲ್ಲಾ ತಡೀತದ, ಕೆಳಗಿನ ದುಂಡನ್ನ ದನಿ ಅಷ್ಟ ಬಿಡತದ. ಗುಂಡಿ ಸಾವಕಾಶ ತೆರಕೋತ ಹೋದ್ರ ಬಾಯಿ ಮುಚ್ಚಿ ಗುನುಗುತಿದ್ದಾಕಿ ಬಾಯಿ ಬಿಟ್ಟು ಹಾಡಿದಂಗ ಆಗತದ. ಮೋಗ್ ಅವರ ಬಾಜಾದ ಎಲ್ಲಾ ಗುಟ್ಟು ಈ ಸಾಣಗ್ಯಾಗನ ಅದ ಅಂತಾರ. 1969ರಾಗ ಅದಕ್ಕ ಪೇಟೆಂಟ್ ಸಿಕ್ತು.

ಈ ರಾಬರ್ಟ್ ಮೋಗ್ ಅನ್ನಾಂವ ನ್ಯೂಯಾರ್ಕಿನ ಹುಡುಗ. ಥೆರೆಮಿನ್ ಅಂತ ಒಂದು ವಾದ್ಯ ಅದ, ಮುಟ್ಟೂ ಹಂಗಿಲ್ಲ, ಗಾಳ್ಯಾಗ ಕೈ ಆಡಿಸಿದ್ರ ಕೂಗತದ. ಅದನ್ನ ಹುಡುಗಿದ್ದಾಗ ಅಪ್ಪನ ಜೋಡಿ ಕೂತು ಮಾಡಿದ್ದ. 1954ರಾಗ, ಇನ್ನೂ ಕಾಲೇಜಿನ ವಯಸ್ಸಿನ್ಯಾಗ, ಅಪ್ಪ-ಮಗ ಕೂಡಿ ಥೆರೆಮಿನ್ ಮಾರೋ ಸಣ್ಣ ಧಂಧೆ ಶುರು ಮಾಡಿದ್ರು. 1961ರ ಸುಮಾರಿಗೆ ಬಿಡಿ ಸಾಮಾನು ಡಬ್ಬ್ಯಾಗ ಹಾಕಿ, "ನೀವ ಕೂಡಿಸಿಕೊಳ್ರಿ" ಅಂತ 50 ಡಾಲರಿಗೆ ಅಂಚಿಯೊಳಗ ಕಳಿಸಿ ಸುಮಾರು 1,000 ಮಾರಿದ. ಪಿಎಚ್‌ಡಿ ಓದ್ತಿದ್ದ, ಹೆಂಡತಿ ಇದ್ಲು, ಮನಿ ನಡೀಬೇಕಲ್ಲಾ.

ಅವರು ಇದ್ದದ್ದು ಟ್ರುಮನ್ಸ್‌ಬರ್ಗ್ ಅಂತ ಒಂದು ಹಳ್ಳಿ, ನ್ಯೂಯಾರ್ಕ್ ರಾಜ್ಯದ ಮ್ಯಾಲಿನ ಭಾಗದಾಗ. ಪ್ಯಾಟಿ ಓಣ್ಯಾಗ ಒಂದು ಅಂಗಡಿ ಜಾಗಾ ಹಿಡದು ಅಲ್ಲೆ ಕಾರ್ಖಾನಿ. 1964ರಾಗ ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತದ ಮಾಸ್ತರರ ಜೋಡಿ ಕೂಡಿ ಮೊದಲನೇ ಸಿಂಥಸೈಜರ್ ಮಾಡಿದ್ರು. ಅದು ಕಪಾಟಿನಷ್ಟು ದೊಡ್ಡದು, ಒಂದು ಭಾಗದಿಂದ ಇನ್ನೊಂದು ಭಾಗಕ್ಕ ವೈರು ಚುಚ್ಚಿ ಚುಚ್ಚಿ ಜೋಡಿಸಬೇಕು. ಮೊದಲ ಗಿರಾಕಿ ಆಲ್ವಿನ್ ನಿಕೋಲಾಯ್ಸ್ ಅಂತ ಒಬ್ಬ ನೃತ್ಯ ಸಂಯೋಜಕ. ದೊಡ್ಡದು ತಗೊಂಡ್ರ ಹತ್ತು ಸಾವಿರ ಡಾಲರ್ ತನಕಾ ಆಗ್ತಿತ್ತು. ಅಂವ ಶ್ರೀಮಂತ ಆಗಿರಬೇಕು ಅಂತೀರಿ? ಇಲ್ಲಾ. ಯಾವಾಗಲೂ ಸಾಲದಾಗನ.

ಈ ಕಾರ್ಖಾನ್ಯಾಗ ಸರ್ಕಿಟ್ ಬೋರ್ಡಿಗೆ ಸಣ್ಣ ಸಣ್ಣ ಭಾಗ ಕೂಡಿಸಿ ಬೆಸಿಗಿ ಹಾಕ್ತಿದ್ದವರು ಊರಿನ ಹೆಣ್ಮಕ್ಕಳು. ಪೇಟೆಂಟಿನ್ಯಾಗ ಅವರ ಹೆಸರಿಲ್ಲ. ಇವತ್ತ ಲಕ್ಷಗಟ್ಟಲೆ ಕೊಟ್ಟು ತಗೊಂಡಾಂವ ಡಬ್ಬಿ ಬಿಚ್ಚಿ "ಏನ ಛಂದ ಬೆಸಿಗಿ ಹಾಕ್ಯಾರ" ಅಂತಾನಲ್ಲಾ, ಅದು ಆ ಕೈಗಳದ್ದು. ಮೋಗ್ ಅವರ ಹೆಂಡತಿ ಶರ್ಲಿ ಅವರಂತೂ ಮನಿಗೆ ಬಂದ ಸಂಗೀತಗಾರರಿಗೆಲ್ಲಾ ಮಾಡಿ ಬಡಿಸಿ ಬಡಿಸಿ, ಕಡೀಕ 1978ರಾಗ ಆ ಅಡಗಿಗಳದ್ದ ಒಂದು ಪುಸ್ತಕ ಬರದು ಅಚ್ಚು ಹಾಕಿಸಿದ್ರು. ಈ ಮಾತು ಓದಿದಾಗ ನಂಗ ಭಾಳ ಸಮಾಧಾನ ಆತು. ಗವಾಯಿಗಳು ಉಳಕೊಂಡ ಯಾವ ಮನ್ಯಾಗ ಆಗಲಿ, ಮೈಫಲ್ ಅಂದ್ರ ಹೊರಗ ಹಾಡು, ಒಳಗ ಒಲಿ. ಆ ಊರಾಗೂ ಹಂಗ ಇತ್ತು ಅಂತ ಆತಲ್ಲಾ.

ಜಗತ್ತಿಗೆ ಈ ಬಾಜಾದ ಹೆಸರು ಗೊತ್ತಾಗಿದ್ದು 1968ರಾಗ. ವೆಂಡಿ ಕಾರ್ಲೋಸ್ ಅನ್ನೋರು ಬಾಖ್ ಅನ್ನೋ ಜರ್ಮನಿಯ ಹಳೇ ಸಂಗೀತಗಾರನ ರಚನೆಗಳನ್ನ ಮೋಗ್ ಮ್ಯಾಲೆ ಬಾರಿಸಿ 'ಸ್ವಿಚ್ಡ್-ಆನ್ ಬಾಖ್' ಅಂತ ಒಂದು ರೆಕಾರ್ಡ್ ತಂದ್ರು. ಬಾರಿಸಿದ್ರು ಅಂತ ಸಹಜ ಅಂದೆ, ಆದ್ರ ಅದು ಸಹಜ ಇರಲಿಲ್ಲ. ಆ ಬಾಜಾಕ್ಕ ಒಂದು ಸಲಕ್ಕ ಒಂದ ಸ್ವರ ಬರತಿತ್ತು. ಬಾಖನ ಸಂಗೀತದಾಗ ಮೂರ್ನಾಕು ಸಾಲು ಕೂಡೇ ನಡೀತಾವ. ಅದಕ್ಕ ಒಂದೊಂದ ಸಾಲು ಬ್ಯಾರೆ ಬ್ಯಾರೆ ಬಾರಿಸಿ, ಟೇಪಿನ ಮ್ಯಾಲೆ ಒಂದರ ಮ್ಯಾಲೊಂದು ಕೂಡಿಸಬೇಕು. ನಡುವ ಬಾಜಾ ಬೆಚ್ಚಗಾದ್ರ ಶ್ರುತಿ ಬಿಡತದ, ಮತ್ತ ಹಚ್ಚಬೇಕು, ಮತ್ತ ಬಾರಿಸಬೇಕು. ತಿಂಗಳುಗಟ್ಟಲೆ ಕೆಲಸ. ಶಾವಿಗಿ ಹೊಸದವರಿಗೆ ಆ ತಾಳ್ಮಿ ಏನು ಅಂತ ತಿಳೀತದ. ಹತ್ತು ಲಕ್ಷಕ್ಕಿಂತ ಹೆಚ್ಚಿಗೆ ಪ್ರತಿ ಖರ್ಚಾದ್ವು, ಮೂರು ಗ್ರ್ಯಾಮಿ ಬಂದ್ವು.

ಆಮ್ಯಾಲೆ ಆದದ್ದು ನಮ್ಮ ಕಡೆ ಒಬ್ಬರು ಇಳಕಲ್ ಸೀರಿ ಅಂಗಡಿ ತಗದು ನಡೀತು ಅಂದ್ರ ಓಣಿ ತುಂಬ ಅಂಗಡಿ ಆಗತಾವಲ್ಲಾ, ಹಂಗ. ಎಲ್ಲಾರೂ ಒಂದೊಂದು ಮೋಗ್ ರೆಕಾರ್ಡ್ ತಂದ್ರು. ವರ್ಷೆರಡು ವರ್ಷದಾಗ ಮಂದಿಗೆ ಸಾಕಾತು. ದೊಡ್ಡ ಬಾಜಾ ಕೇಳವರು ಕಡಿಮಿ ಆದ್ರು, ಕಾರ್ಖಾನಿ ಮುಳುಗೂ ಹಂಗ ಆತು.

ಮಿನಿಮೋಗ್ ಹುಟ್ಟಿದ್ದು ಆ ಹೊತ್ತಿನ್ಯಾಗ. ಬಿಲ್ ಹೆಮ್‌ಸಾಥ್ ಅನ್ನೋ ಎಂಜಿನಿಯರ್ ಊಟದ ಬಿಡುವಿನ್ಯಾಗ ಕಾರ್ಖಾನಿ ಅಟ್ಟದ ಮ್ಯಾಲಿನ ಮುರಕು ಸಾಮಾನು, ಉಳದ ಭಾಗ, ಬ್ಯಾಡಾದ ಕೀಬೋರ್ಡು ಎಲ್ಲಾ ಕೂಡಿಸಿ ಎತ್ತಿ ಒಯ್ಯೂ ಹಂಗ ಒಂದು ಸಣ್ಣ ಬಾಜಾ ಮಾಡಿದ. ವೈರು ಚುಚ್ಚೂದಿಲ್ಲ, ಎಲ್ಲಾ ಒಳಗನ ಜೋಡಿಸಿದ್ದು. ನಿನ್ನಿ ಭಕ್ಕರಿ ಮುರದು ಒಗ್ಗರಣಿ ಹಾಕಿದ್ದು ಹಬ್ಬದ ಅಡಗಿಗಿಂತ ರುಚಿ ಆಗೂದು ಉಂಟಲ್ಲಾ? 1970ರಾಗ ಮಾರಾಟಕ್ಕ ಬಂತು. 44 ಮಣಿ, ಸ್ವರ ಹುಟ್ಟಿಸೋ ಮೂರು ಆಸಿಲೇಟರ್, ಬೆಲಿ ಸುಮಾರು 1,500 ಡಾಲರ್.

ಆದ್ರ ಮಾರವರು ಯಾರು? ಬಾಜಾ ಅಂಗಡಿಯವರು ಗಿಟಾರ್, ಪಿಯಾನೋ ಮಾರವರು, "ಈ ಯಂತ್ರ ನಮಗ್ಯಾಕ" ಅಂತ ಬಾಗಲದಿಂದನ ಕಳಿಸಿದ್ರು. ಫ್ಲೋರಿಡಾದ ಡೇವಿಡ್ ವ್ಯಾನ್ ಕೋವರಿಂಗ್ ಅನ್ನಾಂವ ಒಂದು ಉಪಾಯ ಮಾಡಿದ. ಬಾಜಾ ಕಾರಿನ್ಯಾಗ ಹಾಕ್ಕೊಂಡು ರಾತ್ರಿ ಕ್ಲಬ್ಬುಗಳಿಗೆ ಹೋಗೂದು, ಅಲ್ಲೆ ಬಾರಿಸವನ ಕೈಯಾಗ ಕೊಡೂದು. ಕೈಗೆ ಹತ್ತಿದ ಮ್ಯಾಲೆ ಅಂವ ಬಿಡೂದಿಲ್ಲ. ಆಮ್ಯಾಲೆ ಅದ ಹುಡುಗನ್ನ ಅಂಗಡಿಗೆ ಕರಕೊಂಡು ಹೋಗಿ, "ನೋಡ್ರಿ, ಗಿರಾಕಿ ಇಲ್ಲೆ ನಿಂತಾನ, ನೀವ ಮಾರ್ರಿ" ಅನ್ನೂದು. ಕಟ್ಟಿ ಮ್ಯಾಲೆ ಗಂಟು ಬಿಚ್ಚಿ, ಮೊದಲ ಮಗಳ ಹೆಗಲಿಗೆ ಸೀರಿ ಹಾಕಿ, ಆಮ್ಯಾಲೆ ಅವ್ವನ ಕಡೆ ರೇಟು ಮಾತಾಡೋ ವ್ಯಾಪಾರಿಯನ್ನ ನಾವು ನೋಡೀವಲ್ಲಾ. ಹೀಂಗ ಊರು ಊರಿಗೆ ಮಾರಿ ಮಾರಿ 1981ರ ತನಕಾ ಸುಮಾರು 12,000 ಮಿನಿಮೋಗ್ ಮಾಡಿದ್ರು. ಮೋಗ್ ಅವರ ಕೈಯಾಗ ಮಾತ್ರ ಕಂಪನಿ ಉಳೀಲಿಲ್ಲ. 1971ರಾಗ ಸಾಲದ ಭಾರಕ್ಕ ಬ್ಯಾರೆಯವರಿಗೆ ಹೋತು, 1977ರಾಗ ಅವರ ಹೊರಗ ಬಂದ್ರು.

ಈಗ ನಮ್ಮ ಸಂಗೀತದ ಮಾತು. ಪೇಟಿ ಬಾರಿಸವರಿಗೆ ಗೊತ್ತು ನಮ್ಮ ನೋವು. ಪೇಟ್ಯಾಗ ಮೀಂಡ ಬರೂದಿಲ್ಲ. ಗ ಇಂದ ಪಕ್ಕ ಹೋಗಬೇಕಂದ್ರ ಹಾರಿ ಹೋಗಬೇಕು, ಜಾರಲಿಕ್ಕೆ ಬರೂದಿಲ್ಲ. ಇದೂ ಒಂದು ಕಾರಣ ಹಿಡದು 1940ರಾಗ ಆಲ್ ಇಂಡಿಯಾ ರೇಡಿಯೋದವರು ಪೇಟಿನ ಹೊರಗ ಹಾಕಿದ್ರು. 1971ರ ತನಕಾ, ಮೂವತ್ತೊಂದು ವರ್ಷ, ರೇಡಿಯೋ ಬಾಗಲ ಅದಕ್ಕ ಮುಚ್ಚಿತ್ತು. ಮಿನಿಮೋಗಿನ ಎಡಗಡೆ ಒಂದು ಗಾಲಿ ಅದ. ಬಲಗೈಲೆ ಮಣಿ ಒತ್ತಿ, ಎಡಗೈ ಬೆರಳಿಲೆ ಗಾಲಿ ಸರಿಸಿದ್ರ ಸ್ವರ ಜಾರತದ. ಮ್ಯಾಲೆ ಗ್ಲೈಡ್ ಅಂತ ಒಂದು ಗುಂಡಿ ಬ್ಯಾರೆ, ಅದನ್ನ ಹಚ್ಚಿದ್ರ ಒಂದು ಮಣಿಯಿಂದ ಇನ್ನೊಂದಕ್ಕ ತಾನ ಜಾರಿ ಹೋಗತದ. ಒಂದು ಸಲಕ್ಕ ಒಂದ ಸ್ವರ ಬರತದ ಅಂತ ಅವರು ಕೊರತಿ ಅಂತಾರ. ನಮ್ಮ ಸಂಗೀತಕ್ಕ ಇನ್ನೇನು ಬೇಕ್ರಿ? ಹುಡುಗ ವಿಡಿಯೋ ಕಾಲಿನ್ಯಾಗ ತೋರಿಸಿದಾಗ ನಾ ಅಂದೆ, "ಆ ಇಂಗ್ಲಿಷ್ ಹಾಡು ಬಿಡಪ್ಪಾ, ಭೂಪ ಹಿಡಿ, ಗ-ಪ ಜಾರಿಸು." ಜಾರಿಸಿದ. ಅಕ್ಕನೂ ಬಾಜೂಕ ಕೂತಿದ್ಲು, ಮಾತಾಡಲಿಲ್ಲ, ಆದ್ರ ಕಣ್ಣೊರಸೂದು ನಿಲ್ಲಿಸಿದ್ಲು.

ಮೋಗ್ ಬಾಜಾ ನಮ್ಮ ದೇಶಕ್ಕ ಎಷ್ಟು ಲಗೂ ಬಂದಿತ್ತು ಗೊತ್ತೇನು? 1969ರಾಗ! ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೊಳಗ ಡೇವಿಡ್ ಟ್ಯೂಡರ್ ಅನ್ನೋ ಅಮೇರಿಕಾದ ಸಂಗೀತಗಾರ ಬಂದು ಮೋಗ್ ಕೂಡಿಸಿ ಕೊಟ್ಟ. ಆ ಸಂಸ್ಥೆ ಕಟ್ಟಿದ ಗೌತಮ್ ಮತ್ತ ಗಿರಾ ಸಾರಾಭಾಯಿ ಅವರ ಅಕ್ಕ-ತಂಗ್ಯಾರೊಳಗ ಗೀತಾ ಸಾರಾಭಾಯಿ ಅಂತ ಒಬ್ಬರು. ಪಖವಾಜ್ ಬಾರಿಸ್ತಿದ್ರು, ಆ ಕಾಲದಾಗ ಹೆಣ್ಮಗಳು ಪಖವಾಜ್! 1946ರಾಗ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಅನ್ನೋ ದೊಡ್ಡ ಸಂಗೀತಗಾರನಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರಿಂದ ಅಲ್ಲಿಯ ಸಂಗೀತ ಕಲತವರು. ರೊಕ್ಕ ಇಲ್ಲ ಏನಿಲ್ಲ, ವಿದ್ಯಾಕ್ಕ ವಿದ್ಯಾ. ಅವರೂ ಮತ್ತ ಇನ್ನೂ ನಾಕೈದು ಮಂದಿ ಆ ಮೋಗ್ ಮ್ಯಾಲೆ ಕೆಲಸ ಮಾಡಿ ಟೇಪ್ ಮಾಡಿಟ್ರು. ಕೆಲವು ವರ್ಷಕ್ಕ ಆ ಸ್ಟುಡಿಯೋ ನಿಂತಹೋತು. ಟೇಪು ಕಪಾಟಿನ್ಯಾಗ ಧೂಳು ತಿಂದ್ವು. ಪಾಲ್ ಪರ್ಗಸ್ ಅನ್ನೋ ಕಲಾವಿದ ಹುಡುಕಿ ತಗದು, 2023ರಾಗ ಜನಾ ಕೇಳೂ ಹಂಗ ಹೊರಗ ತಂದ್ರು. ಅರ್ಧ ಶತಮಾನ ಮ್ಯಾಲಾಗಿತ್ತು.

ಹಂಗಿದ್ರ ಇಂಥಾ ಬಾಜಾ ಮೋಡಕಾ ಸಾಮಾನು ಹೆಂಗ ಆತು? ಅದಕ್ಕ ಕಾರಣ 1983. ಆ ವರ್ಷ ಜಪಾನಿನ ಯಮಹಾದವರು ಡಿಎಕ್ಸ್7 ಅಂತ ಒಂದು ಬಾಜಾ ತಂದ್ರು. ಅದು ಅನಲಾಗ್ ಅಲ್ಲ, ಲೆಕ್ಕದ ಮ್ಯಾಲೆ ಸ್ವರ ಹುಟ್ಟಿಸೋ ಡಿಜಿಟಲ್. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡು ಹಿಡದ ವಿದ್ಯಾ. ಸುಮಾರು 2,000 ಡಾಲರಿಗೆ ಕೂಡೇ ಹದಿನಾರು ಸ್ವರ, ಶ್ರುತಿ ಬಿಡೂದ ಇಲ್ಲ, ಗುಂಡಿ ಒತ್ತಿದ್ರ ತಯಾರು ದನಿ. ಗಂಟಿಯಂಥಾ ಪಿಯಾನೋ ದನಿ ಎಂಬತ್ತರ ದಶಕದ ಹಾಡಿನ್ಯಾಗ ಕೇಳೀರಲ್ಲಾ, ಭಾಳಷ್ಟು ಅದರದ್ದ. ಜೋಡಿಗೆ ಅದ ವರ್ಷ ಮಿಡಿ ಅಂತ ಒಂದು ಪದ್ಧತಿ ಬಂತು, ಒಂದು ಕಂಪನಿ ಬಾಜಾ ಇನ್ನೊಂದು ಕಂಪನಿ ಬಾಜಾದ ಜೋಡಿ ಮಾತಾಡಲಿಕ್ಕೆ. ಹಳೇ ಬಾಜಾಕ್ಕ ಆ ಭಾಷಾ ಬರತಿರಲಿಲ್ಲ.

ಮಿನಿಮೋಗಿಗಂತೂ ನೆನಪ ಇಲ್ಲ. ಒಂದು ಛೊಲೋ ದನಿ ಸಿಕ್ತಂದ್ರ ಯಾವ ಗುಂಡಿ ಎಲ್ಲಿಗದ ಅಂತ ಹಾಳಿ ಮ್ಯಾಲೆ ಗುರ್ತು ಮಾಡಿ ಇಟ್ಕೋಬೇಕು. ನಮ್ಮ ಅಜ್ಜಿ ಚುಕ್ಕಿ ಎಣಿಸಿ ರಂಗೋಲಿ ವಹಿ ಇಟ್ಟಿದ್ಲಲ್ಲಾ, ಹಂಗ ಬಾಜಾದವರೂ ವಹಿ ಇಡತಿದ್ರು. ಹೊಸಾದು ಬಂದ ಮ್ಯಾಲೆ ವಹಿನೂ ಒಗದ್ರು, ಬಾಜಾನೂ ಕೊಟ್ರು.

ನಮ್ಮಲ್ಲಿ ಸ್ಟೀಲ್ ಬಂದಾಗಿನ ಮಾತು ನೆನಪು ಮಾಡ್ಕೋರಿ. ತಾಮ್ರದ ಹಂಡೆ, ಹಿತ್ತಾಳಿ ಕೊಡ, ಕಲಾಯಿ ಹಾಕಿಸೂದು, ಹುಣಸಿಹಣ್ಣು ಹಚ್ಚಿ ತಿಕ್ಕೂದು, ರಟ್ಟಿ ಬಿದ್ದು ಹೋಗ್ತಿತ್ತು. ಸ್ಟೀಲ್ ಭಾಂಡೆ ಹೊತ್ತಾಕಿ ಬಾಗಲಕ್ಕ ಬಂದ್ಲಂದ್ರ ಹಂಡೆ ತೂಕಕ್ಕ ಹಾಕಿ ಡಬ್ಬಿ, ತಾಟು ತಗೊಂಡ್ರು. ಕೊಟ್ಟ ಹೆಣ್ಮಕ್ಕಳನ್ನ ನಾ ಯಾವಾಗಲೂ ಬೈಯೂದಿಲ್ಲ. ತಿಕ್ಕಿದ ಕೈ ಅವರದ್ದು. ಆ ಹಂಡೆ ಈಗ ದೊಡ್ಡ ಹೋಟೆಲ್ಲಿನ ಬಾಗಲದಾಗ ಹೂವಾ ತುಂಬಿಸಿಕೊಂಡು ಕೂತಾವ, ಅದು ಬ್ಯಾರೆ ಮಾತು. ಅಮೇರಿಕಾದಾಗ, ಇಂಗ್ಲೆಂಡಿನ್ಯಾಗ ಬಾಜಾದವರೂ ಹಂಗ ಮಾಡಿದ್ರು. ಸಾವಿರಾರು ಡಾಲರಿಂದು ನೂರಾರು ಡಾಲರಿಗೆ ಕೊಟ್ರು. ಒತ್ತಿ ಅಂಗಡಿ, ಹಳೇ ಸಾಮಾನಿನ ಅಂಗಡಿ ಮೂಲ್ಯಾಗ ಒಟ್ಟಿ ಬಿದ್ವು. 1987ರ ಹೊತ್ತಿಗೆ ಮೋಗ್ ಕಂಪನಿನೂ ಮುಚ್ಚಿತು.

ಇನ್ನ ಇಲ್ಲಿಂದ ಕಥಿ ನಂಗ ಭಾಳ ಸೇರಿದ್ದು. ಜಪಾನಿನ ರೋಲಂಡ್ ಕಂಪನಿ ಕಟ್ಟಿದ ಇಕುತಾರೋ ಕಾಕೆಹಾಶಿ ಹುಡುಗಿದ್ದಾಗ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾಂವ. ಅವರ ಕಂಪನಿ 1980ರಾಗ ಟಿಆರ್-808 ಅಂತ ತಾಳದ ಡಬ್ಬಿ ತಂತು, ಮುಂದಿನ ವರ್ಷ ಟಿಬಿ-303 ಅಂತ ಒಂದು ಸಣ್ಣ ಬೆಳ್ಳೀ ಬಣ್ಣದ ಡಬ್ಬಿ. ಒಬ್ಬನ ಕೂತು ಗಿಟಾರ್ ರಿಯಾಜ ಮಾಡವನಿಗೆ ಹಿಂದ ಬೇಸ್ ಬಾರಿಸೂ ಆಳು ಅದು, ನಮ್ಮಲ್ಲಿ ಇಲೆಕ್ಟ್ರಾನಿಕ್ ತಬಲಾ ಇಟ್ಕೊಂಡು ರಿಯಾಜ ಮಾಡ್ತಾರಲ್ಲಾ, ಹಂಗ. 808ರಾಗ ಬೇಕಂತನ ದೋಷ ಇದ್ದ ಟ್ರಾನ್ಸಿಸ್ಟರ್ ಹಾಕಿದ್ರು, ಅದರಿಂದ ಒಂದು ಥರಾ ಚುರ್ ಅನ್ನೋ ದನಿ ಬರತಿತ್ತು. ತಳಾ ಹಿಡದ ತುಪ್ಪದ ವಾಸನಿ ಕೆಲವರಿಗೆ ಸೇರತದಲ್ಲಾ. ಆ ದೋಷದ ಭಾಗ ಸಿಗೂದು ನಿಂತಾಗ 808 ಮಾಡೂದೂ ನಿಂತ್ತು, ಸುಮಾರು 12,000ಕ್ಕ. 303ಂತೂ ನೆಲಾ ಕಚ್ಚಿತು. ಅದರ ಬೇಸ್ ಗಿಟಾರ್ ದನಿ ಬೇಸ್ ಗಿಟಾರಿನ ಹಂಗ ಇರಲೇ ಇಲ್ಲ. 395 ಡಾಲರಿನ ಡಬ್ಬಿ, ಸುಮಾರು 10,000 ಮಾಡಿ 1984ರಾಗ ಕೈ ಬಿಟ್ರು. ಅಂಗಡ್ಯಾಗ ಉಳದದ್ದು ಸಿಕ್ಕಷ್ಟಕ್ಕ ಹೋದ್ವು.

ಷಿಕಾಗೋದಾಗ ಕರಿಯ ಜನಾಂಗದ ಹುಡುಗೂರು ಹೊಸ ಡಿಎಕ್ಸ್7 ತಗೊಳ್ಳೂ ಶಕ್ತಿ ಇಲ್ಲದವರು. ಅವರಾಗ ಮೂರು ಮಂದಿ, ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ, ಫ್ಯೂಚರ್ ಅಂತ ತಮ್ಮ ಮ್ಯಾಳಕ್ಕ ಹೆಸರಿಟ್ಟುಕೊಂಡಿದ್ರು. ಒಂದು ಹಳೇ 303 ತಂದ್ರು. ಹೆಂಗ ಬಳಸಬೇಕು ಅಂತ ಹೇಳೂ ಪುಸ್ತಕ ಜೋಡಿಗೆ ಇರಲಿಲ್ಲ. ಅದು ಚಾಲೂ ಆಗಿ ತನ್ನ ಪಾಡಿಗೆ ಏನೋ ಬಾರಿಸ್ತಿತ್ತು, ಇವರು ಸಾಣಗಿ ಗುಂಡಿ ತಿರವ್ಯಾರ. ಡಬ್ಬಿ ಕಿರಚಿತು, ಗುಳುಗುಳು ಅಂತು, ಬೆಕ್ಕು ಕೂಗಿದಂಗ ಕೂಗಿತು. ಬಾಜಾ ಮಾಡಿದವರು ಹಂಗ ತಿರುವ್ರಿ ಅಂತ ಹೇಳಿರಲೇ ಇಲ್ಲ. ಅದನ್ನ ಟೇಪ್ ಮಾಡಿ ರಾನ್ ಹಾರ್ಡಿ ಅನ್ನೋ ಡಿಜೆಗೆ ಕೊಟ್ರು. ಅಂವ ಕ್ಲಬ್ಬಿನ್ಯಾಗ ಹಚ್ಚಿದ, ಕುಣಿಯೂ ಮಂದಿ ಎದ್ದು ಹೋದ್ರು. ಅದ ರಾತ್ರಿ ಮತ್ತ ಹಚ್ಚಿದ, ಮತ್ತ ಹಚ್ಚಿದ. ನಾಕನೇ ಸಲಕ್ಕ ಕ್ಲಬ್ಬಿಗೆ ಹುಚ್ಚು ಹಿಡದಿತ್ತು. 1987ರಾಗ 'ಆ್ಯಸಿಡ್ ಟ್ರ್ಯಾಕ್ಸ್' ಅಂತ ರೆಕಾರ್ಡ್ ಬಂತು. ಇಂಗ್ಲೆಂಡ್, ಯೂರೋಪಿನ ತುಂಬ ಹಬ್ಬಿತು. ಆವಾಗ ಎಲ್ಲಾರಿಗೂ 303 ಬೇಕು. ಇದ್ದದ್ದು ಹತ್ತೇ ಸಾವಿರ. ಇವತ್ತ ಅದು ಸಾವಿರಾರು ಡಾಲರ್. ಒಗದವರ ಕೈಯಾಗ ಏನೂ ಬರಲಿಲ್ಲ, ಷಿಕಾಗೋದ ಆ ಹುಡುಗೂರಿಗೂ ಬಂದದ್ದು ಹೆಸರು ಹೆಚ್ಚು, ರೊಕ್ಕ ಕಡಿಮಿ. ನಡುವ ಕೊಂಡು ಕಟ್ಟಿ ಇಟ್ಟವರದ್ದ ಲಾಭ. ಇದು ನಂಗ ಸೇರೂದಿಲ್ಲ, ಆದ್ರ ಹಳೇ ಸಾಮಾನಿನ ವ್ಯಾಪಾರ ನಡಿಯೂದ ಹಿಂಗ.

ಇದಕ್ಕ ಐದು ವರ್ಷ ಮೊದಲ ಮುಂಬೈದಾಗ ಚರಣಜಿತ್ ಸಿಂಗ್ ಅಂತ ಒಬ್ಬರು ಸಿನಿಮಾ ಹಾಡಿಗೆ ಗಿಟಾರ್ ಬಾರಿಸ್ತಿದ್ರು. ಅವರು ಸಿಂಗಾಪುರದಾಗ ಇದ ಸಾಮಾನು ಕೊಂಡು ತಂದಿದ್ರು: ಜುಪಿಟರ್-8, 808, 303, ಮೂರೂ ರೋಲಂಡ್. 808ರ ತಾಳ ಹಚ್ಚಿ, 303ರ ಜಾರುವ ಸ್ವರದ ಮ್ಯಾಲೆ ಭೈರವ, ಲಲಿತ, ಭೂಪಾಲಿ, ತೋಡಿ, ಮಾಲಕಂಸ ಅಂತ ಹತ್ತು ರಾಗ ಬಾರಿಸಿ 1982ರಾಗ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಅಂತ ರೆಕಾರ್ಡ್ ತಂದ್ರು. ಯಾರೂ ಕೊಳ್ಳಲಿಲ್ಲ. ಸಂಗೀತದವರು ಡಿಸ್ಕೋ ಅಂದ್ರು, ಡಿಸ್ಕೋದವರು ರಾಗ ಅಂದ್ರು. ಇಪ್ಪತ್ತು ವರ್ಷಾದ ಮ್ಯಾಲೆ ಎಡೋ ಬೌಮನ್ ಅನ್ನೋ ಡಚ್ ಸಂಗ್ರಹಕಾರ ದಿಲ್ಲಿಯ ಅಂಗಡಿಯೊಳಗ ಅದನ್ನ ಕಂಡು, ಕೇಳಿ, ಬೆರಗಾದ: ಇದು ಷಿಕಾಗೋದ ಸಂಗೀತ, ಆದ್ರ ಷಿಕಾಗೋಕ್ಕಿಂತ ಮೊದಲಿಂದು! ಮುಂಬೈಗೆ ಹೋಗಿ ಚರಣಜಿತ್ ಅವರನ್ನ ಹುಡುಕಿ, 2010ರಾಗ ಮತ್ತ ಅಚ್ಚು ಹಾಕಿಸಿದ. ಎಪ್ಪತ್ತು ದಾಟಿದ ಅವರು ಯೂರೋಪಿಗೆ ಹೋಗಿ ಸಾವಿರಾರು ಹುಡುಗೂರ ಮುಂದ ಅವ ರಾಗ ಬಾರಿಸಿ ಬಂದ್ರು. 2015ರಾಗ ಹೋದ್ರು. ಭಜನಿ ಮಂಡಳದವರಿಗೆ ಒಂದು ಮಾತು: ಆ ಭೈರವ ಒಮ್ಮೆ ಕೇಳ್ರಿ. ಮೊದಲ ಎರಡು ನಿಮಿಷ ನಗು ಬರತದ, ಆಮ್ಯಾಲೆ ರಿಷಭ ಹಿಡದಾಗ ಸುಮ್ಮನಾಗ್ತೀರಿ.

ಕಡೀಕ, ಯಾರ ಮನ್ಯಾಗರೆ ಹುಡುಗೂರು ಇಂಥಾದ್ದು ಕೊಳ್ಳಲಿಕ್ಕೆ ಹೊಂಟ್ರ ಕೇಳೂ ಮಾತು ಬರದಿಡ್ತೀನಿ. ಅಕ್ಕನ ಮಗನಿಂದ ತಿಳಕೊಂಡದ್ದು. ಬಾಜಾ ಚಾಲೂ ಮಾಡಿ ಅರ್ಧಾ ತಾಸು ಬಿಟ್ಟು ಶ್ರುತಿ ನೋಡಬೇಕು, ಬೆಚ್ಚಗಾದ ಮ್ಯಾಲೆ ನಿಂತ್ರ ಛೊಲೋ. ಒಂದೊಂದು ಮಣಿ ಒತ್ತಿ ನೋಡಬೇಕು, ಗುಂಡಿ ತಿರುವಿದ್ರ ಕರಕರ ಅಂದ್ರ ಸ್ವಚ್ಛ ಮಾಡಿಸೂ ಖರ್ಚು ಹಿಡಕೊಂಡು ರೇಟು ಮಾತಾಡಬೇಕು. ಕೊರ್ಗ್ ಕಂಪನಿಯ ಪಾಲಿಸಿಕ್ಸ್ ಅಂತ 1981ರದ್ದು ಒಂದು ಅದ, ಅದನ್ನ ಬಿಚ್ಚಿ ನೋಡದ ಕೊಳ್ಳಲೇಬಾರದು. ಒಳಗಿನ ಬ್ಯಾಟರಿ ಸೋರಿ ಬೋರ್ಡ್ ತಿಂದಿರತದ, ಟಾರ್ಚಿನ್ಯಾಗ ಸೆಲ್ ಮರತಿಟ್ರ ಹಸರು ಕಟ್ಟತದಲ್ಲಾ, ಅದ. ಅಮೇರಿಕಾದಿಂದ ತಂದದ್ದು ಅವರ 120 ವೋಲ್ಟಿಂದು, ಜಪಾನಿಂದು 100. ನಮ್ಮ 230ರ ಪ್ಲಗ್ಗಿಗೆ ಸೀದಾ ಹಚ್ಚಿದ್ರ ಹೊಗಿ. ನಡುವ ಟ್ರಾನ್ಸ್‌ಫಾರ್ಮರ್ ಬೇಕ ಬೇಕು. ಮಾರವರು "ಬರೇ ಸರ್ವಿಸ್ ಮಾಡಿಸಿದ್ರ ಸಾಕು" ಅಂದ್ರ, ಹಳೇ ಮನಿ ಮಾರವರು "ಬರೇ ಸುಣ್ಣ ಹಚ್ಚಿಸಿದ್ರ ಸಾಕು" ಅಂದಂಗ ಅಂತ ತಿಳೀರಿ.

ಅಷ್ಟೆಲ್ಲಾ ಯಾಕ ಅನ್ನವರಿಗೆ ಹೊಸಾ ಅನಲಾಗ್ ಬಾಜಾನೂ ಈಗ ಬರತಾವ. ಮೋಗ್ ಅವರು 2002ರಾಗ ತಮ್ಮ ಹೆಸರು ತಿರುಗಿ ಪಡದು ಮಿನಿಮೋಗ್ ವಾಯೇಜರ್ ಅಂತ ಮಾಡಿದ್ರು. ಮೂರು ವರ್ಷಕ್ಕ, 2005ರಾಗ ತೀರಿಕೊಂಡ್ರು. ಆಮ್ಯಾಲೆ ಕಂಪನಿಯವರು ಹಳೇ ಮಿನಿಮೋಗನ್ನೂ ಮತ್ತ ಮಾಡಿ ಮಾರಿದ್ರು. ಬ್ಯಾರೆ ಕಂಪನಿಗಳು ನಕಲು ಮಾಡಿ ಹತ್ತನೇ ಪಾಲಿನ ಬೆಲಿಗೆ ಕೊಡತಾವ, ಕಲೀಲಿಕ್ಕೆ ಅದ ಭೇಷ್. ಎಲ್ಲಾರನ್ನೂ ಮೂಲಿಗೆ ಒತ್ತಿದ ಡಿಎಕ್ಸ್7 ಏನಾತು ಅಂತೀರಿ? ಒಂದೂವರಿ ಲಕ್ಷಕ್ಕಿಂತ ಹೆಚ್ಚು ಖರ್ಚಾಗಿದ್ದ ಬಾಜಾ ಅದು. ಈಗ ಹಳೇ ಮಿನಿಮೋಗಿನ ರೊಕ್ಕದಾಗ ಅಂಥಾವು ನಾಕೈದು ಬರತಾವ.